ಪೂರ್ವಕ್ಕೆ ಮುಖ ಮಾಡಿದ ಕಂಪ್ಯೂಟರು

ಕೀಬೋರ್ಡು ಇಲ್ಲ, ಮುಂದುವರಿಯಬೇಕಾದರೆ ಎಫ್-ಒನ್ ಒತ್ತಿರಿ ಎಂದು ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬರೆದು ಕಂಪ್ಯೂಟರು ತನ್ನ ಪಾಡಿಗೆ ತಾನು ಕೂತುಬಿಟ್ಟಿತ್ತು. ವಾಸುದೇವರಾಯರು ಅದನ್ನು ಒಮ್ಮೆ ಮನಸ್ಸಿನಲ್ಲಿ ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಗಟ್ಟಿಯಾಗಿ ಓದಿದರು. ಆಮೇಲೆ ಅಡಿಗೆಮನೆಯ ಕಡೆ ತಿರುಗಿ ಹೆಂಡತಿಯನ್ನು ಕರೆದರು.

"ಸುಹಾಸಿನಿ, ಇಲ್ಲೆ ಬಾ. ಇದನ್ನ ಓದು. ಕೀಬೋರ್ಡ್ ಇಲ್ಲಂತ. ಇಲ್ಲದ್ದಕ್ಕ ಆ ಕೀಬೋರ್ಡಿನ ಮ್ಯಾಲಿಂದೇ ಒಂದು ಗುಂಡಿ ಒತ್ತಬೇಕಂತ."

ಸುಹಾಸಿನಿ ಹೋಳಿಗೆಯ ಹಿಟ್ಟು ಹತ್ತಿದ ಕೈಯನ್ನು ಹಾಗೇ ಎತ್ತಿ ಹಿಡಿದುಕೊಂಡು ಬಂದು ನೋಡಿದರು. "ಒತ್ತೀರೇನು?"

"ಬೆರಳು ನೋಯೋತನಕಾ ಒತ್ತೇನಿ."

"ಮತ್ತ ಆಫ್ ಮಾಡಿ ಆನ್ ಮಾಡ್ರಿ."

"ಮಾಡೇನಿ."

"ಇನ್ನೊಮ್ಮೆ ಮಾಡ್ರಿ."

ಈ ಮಾತನ್ನು ಆ ದಿನ ಇನ್ನೂ ಕೇಳುವುದಿತ್ತು. ವಾಸುದೇವರಾಯರು ಇನ್ನೊಮ್ಮೆ ಮಾಡಿದರು. ಕಂಪ್ಯೂಟರೂ ಇನ್ನೊಮ್ಮೆ ಅದನ್ನೇ ಬರೆಯಿತು.

ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯ ಆ ಮನೆಯಲ್ಲಿ ಅದು ವಿಜಯದಶಮಿಯ ಮಧ್ಯಾಹ್ನ. ರಾಯರದು ತಂದೆಯ ಕಾಲಕ್ಕೆ ರಾಯಚೂರಿನಿಂದ ಬಂದು ಹೈದರಾಬಾದಿನಲ್ಲಿ ನೆಲೆ ನಿಂತ ಮನೆತನ. ಸರ್ಕಾರಿ ಲೆಕ್ಕಪತ್ರದ ಕೆಲಸದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡು, ನಿವೃತ್ತರಾದ ಮೇಲೆ ಸಿಕಂದರಾಬಾದಿನ ಅಂಗಡಿಯೊಂದರಲ್ಲಿ ಬಿಡಿಭಾಗ ಜೋಡಿಸಿ ಕೊಡುವ ಕಂಪ್ಯೂಟರು ತಂದಿದ್ದರು. ತಂದದ್ದು ಒಂದೇ ಕಾರಣಕ್ಕೆ. ತಾಯಿ ಕೃಷ್ಣಾಬಾಯಿಯ ಬಾಯಲ್ಲಿದ್ದ ಹಾಡುಗಳು. ಬೀಗರ ಹಾಡು, ಆರತಿ ಹಾಡು, ಕುಟ್ಟುವ ಬೀಸುವ ಹಾಡು. ಮುದುಕಿ ಮಧ್ಯಾಹ್ನದ ನಿದ್ದೆ ಮುಗಿಸಿ ಗೋಡೆಗೆ ಒರಗಿ ಹೇಳುವುದು, ಮಗ ಒಂದೊಂದೇ ಅಕ್ಷರ ಹುಡುಕಿ ಕುಟ್ಟುವುದು, ಹೀಗೆ ವರ್ಷಗಟ್ಟಲೆ ನಡೆದು ಈಗ ಒಂದು ಪುಸ್ತಕದಷ್ಟಾಗಿತ್ತು. ಕಾರ್ತಿಕದಲ್ಲಿ ಅವಳ ಸಹಸ್ರಚಂದ್ರ ದರ್ಶನದ ಶಾಂತಿ. ಬಂದವರ ಕೈಗೆಲ್ಲ ಅಚ್ಚಾದ ಪುಸ್ತಕ ಕೊಡಬೇಕು. ನಾರಾಯಣಗೂಡದ ಪ್ರೆಸ್ಸಿನ ಯಾದಗಿರಿ ಖಂಡಿತವಾಗಿ ಹೇಳಿದ್ದ, ದಸರೆಯ ಮರುದಿನ ಬೆಳಿಗ್ಗೆ ಕೊಟ್ಟರೆ ಕೊಟ್ಟಿರಿ, ತಪ್ಪಿದರೆ ಕ್ಯಾಲೆಂಡರು, ಡೈರಿ, ಲಗ್ನಪತ್ರಿಕೆ ಎಲ್ಲ ಮುಗಿದು ಸಂಕ್ರಾಂತಿಯ ಮೇಲೆಯೇ ಎಂದು.

ಹಾಡುಗಳಿದ್ದದ್ದು ಈ ಡಬ್ಬಿಯೊಳಗೆ ಮಾತ್ರ. ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ. ಮುದುಕಿಯ ಬಾಯಲ್ಲಿದ್ದದ್ದೋ, ಈ ವರ್ಷದ ಬೇಸಗೆಯಿಂದ ಒಂದೊಂದಾಗಿ ಅಳಿಸಿಹೋಗುತ್ತಿತ್ತು.

ನಿನ್ನೆ ಖಂಡೇ ನವಮಿ. ಮನೆಯಲ್ಲಿ ಕೆಲಸ ಮಾಡುವ ಸಾಮಾನುಗಳಿಗೆಲ್ಲ ಪೂಜೆ, ಪೂಜೆಗೆ ಇಟ್ಟದ್ದನ್ನು ದಶಮಿಯವರೆಗೆ ಮುಟ್ಟುವ ಹಾಗಿಲ್ಲ. ಈಳಿಗೆಮಣೆ, ಹೊಲಿಗೆ ಯಂತ್ರ, ಒರಳುಕಲ್ಲು ಇವುಗಳ ಸಾಲಿನಲ್ಲಿ ಕಂಪ್ಯೂಟರೂ ಕೂಡಬೇಕೆಂದು ಕೃಷ್ಣಾಬಾಯಿಯ ಹಟ. "ನನ್ನ ಹಾಡೆಲ್ಲಾ ಇಟ್ಟುಕೊಂಡ ಕೂತದಲ್ಲಪಾ, ಅದಕ್ಕ ಒಂದು ಹೂವು ಬ್ಯಾಡೇನು?" ರಾಯರು ಹಿಂದಿನ ವೈರುಗಳನ್ನೆಲ್ಲ ಕಿತ್ತು, ಸಿಪಿಯು ಡಬ್ಬಿಯನ್ನು ಒರೆಸಿ, ಮಣೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಇಟ್ಟು ಸ್ನಾನಕ್ಕೆ ಹೋಗಿದ್ದರು. ಬರುವಷ್ಟರಲ್ಲಿ ಪೂಜೆ ಮುಗಿದು, ಡಬ್ಬಿ ಹಸಿರು ಖಣ ಹೊದ್ದುಕೊಂಡು ಗರತಿಯ ಹಾಗೆ ಕೂತಿತ್ತು. ಇಂದು ಊಟವಾದ ಮೇಲೆ ತಾಯಿಯ ಅಪ್ಪಣೆ ಪಡೆದು, ಮತ್ತೆ ಮೇಜಿನ ಕೆಳಗೆ ಗೋಡೆಗೆ ಬೆನ್ನು ಹಚ್ಚಿ ಇಟ್ಟು, ಕತ್ತಲೆಯಲ್ಲಿ ಕೈಯಾಡಿಸಿ ವೈರುಗಳನ್ನು ಸಿಕ್ಕಿಸಿದರು. ಕೀಬೋರ್ಡಿನದು ಸ್ವಲ್ಪ ಬಿಗಿಯಾಯಿತು ಅನ್ನಿಸಿ ಒತ್ತಿ ತಳ್ಳಿದರು. ಅಲ್ಲಿಂದ ಶುರುವಾಯಿತು ನೋಡಿ ಗ್ರಹಚಾರ.

ಮೊದಲು ಬನ್ನಿ ಕೊಡಲು ಬಂದವರು ಕೆಳಗಿನ ಮನೆಯ ಬಸವಲಿಂಗಪ್ಪನವರು. ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದವರು. ಬನ್ನಿ ಎಲೆ ಕೈಗಿಟ್ಟು, "ಬಂಗಾರದಂಗ ಇರೋಣ್ರೀ ವಾಸುದೇವರಾವ್ರ," ಎಂದು ತಬ್ಬಿಕೊಂಡರು. ತಬ್ಬಿಕೊಂಡಿದ್ದಂತೆಯೇ ಹೆಗಲ ಮೇಲಿಂದ ಪರದೆ ನೋಡಿದರು.

"ಇದು ಪಾವರ್ ಸಪ್ಲಾಯ್ ಐತಿ."

"ಕೀಬೋರ್ಡ್ ಅಂತ ಬರದದಲ್ರೀ."

"ಅದೇನ್ ಬೇಕಾದ್ ಬರೀತೈತ್ರೀ. ರೋಗಿ ಹೊಟ್ಟಿ ನೋವು ಅಂತಾನ, ಡಾಕ್ಟರ್ ನಾಲಿಗಿ ನೋಡ್ತಾನ. ಸ್ಕ್ರೂಡ್ರೈವರ್ ತರ್ರಿ."

ಬೇಡವೆನ್ನಲು ರಾಯರಿಗೆ ಬಾಯಿ ಬರಲಿಲ್ಲ. ಹಬ್ಬದ ದಿನ ಬನ್ನಿ ಕೊಟ್ಟ ಮನುಷ್ಯ. ಬಸವಲಿಂಗಪ್ಪನವರು ಕರೆಂಟು ತೆಗೆಸಿ, ಡಬ್ಬಿಯ ಪಕ್ಕೆ ಬಿಚ್ಚಿ, ಒಳಗಿನ ಧೂಳಿಗೆ ಉಫ್ ಎಂದು ಊದಿ ಕಣ್ಣು ತಿಕ್ಕಿಕೊಂಡರು. ಪಾವರ್ ಸಪ್ಲಾಯ್ ಚೆನ್ನಾಗಿದೆ ಎಂದು ಅವರೇ ಒಪ್ಪಿಕೊಂಡು, ಹಾಗಾದರೆ ಮೆಮೊರಿ ಎಂದರು. ಮೆಮೊರಿಯ ಪಟ್ಟಿಯನ್ನು ಕಿತ್ತು, ಅದರ ಹಳದಿ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿ ತಿಕ್ಕಿ ಹೊಳೆಸಿ ಮತ್ತೆ ಕೂಡಿಸಿದರು.

ಈಗ ಚಾಲೂ ಮಾಡಿದರೆ ಪರದೆಯ ಮೇಲೆ ಅಕ್ಷರವೇ ಇಲ್ಲ. ಡಬ್ಬಿಯೊಳಗಿಂದ ಬೀಪ್, ಬೀಪ್ ಎಂದು ಉದ್ದುದ್ದ ಕೂಗು ಮಾತ್ರ.

"ಮೊದಲ ಮಾತಾಡ್ತಿತ್ತು," ಎಂದರು ರಾಯರು. "ಈಗ ಅಳ್ಳಿಕ್ಕತ್ತದ."

"ಹಂಗಾರ ಮದರ್‌ಬೋರ್ಡ್ ಹೋಗೈತಿ," ಎಂದು ಬಸವಲಿಂಗಪ್ಪನವರು ಸಮಾಧಾನವಾಗಿ ಹೋಳಿಗೆಯ ತಟ್ಟೆಗೆ ಕೈ ಹಾಕಿದರು. "ಹೊಸಾದು ಹಾಕಿಸ್ರಿ. ಅಂದಂಗ ಕಾಪಿ ಇಟ್ಟೀರಿಲ್ರೀ?"

ರಾಯರು ಫೋನಿನ ಹತ್ತಿರ ಹೋದರು.

ಫೋನು ಹಚ್ಚಿದ್ದು ಮಣಿಕೊಂಡದಲ್ಲಿದ್ದ ತಂಗಿಯ ಮಗ ನರಹರಿಗೆ. ಕಂಪ್ಯೂಟರು ಕೊಳ್ಳುವಾಗ ಜೊತೆಗೆ ಬಂದವನು ಅವನೇ, ಹೀಗಾಗಿ ಅದಕ್ಕೆ ಏನಾದರೂ ಬೈಸಿಕೊಳ್ಳುವವನೂ ಅವನೇ.

"ಮಾಮಾ, ಬೀಪ್ ಬಂತಂದ್ರ ಮೆಮೊರಿ ಸರಿ ಕೂತಿಲ್ಲ. ಎರಡೂ ಕಡೆ ಹೆಬ್ಬೆರಳಿಟ್ಟು ಒತ್ತ್ರಿ. ಟಕ್ ಅಂತ ಸಪ್ಪಳ ಬರಬೇಕು."

"ಮುರದರ?"

"ಮುರಿಯೂದಿಲ್ಲ. ಕರೆಂಟ್ ತಗದೀರಲಾ?"

ರಾಯರು ಕರೆಂಟು ತೆಗೆದು, ಇಷ್ಟದೇವರನ್ನು ನೆನೆದು ಒತ್ತಿದರು. ಟಕ್ ಎಂದಿತು. ಚಾಲೂ ಮಾಡಿದರೆ ಕೂಗು ನಿಂತು, ಪರದೆಯ ಮೇಲೆ ಮತ್ತೆ ಅದೇ ಬರಹ, ಕೀಬೋರ್ಡು ಇಲ್ಲ, ಎಫ್-ಒನ್ ಒತ್ತಿರಿ. ರಾಯರಿಗೆ ಅದನ್ನು ನೋಡಿ ಎಷ್ಟು ಸಂತೋಷವಾಯಿತೆಂದರೆ, ಸಂತೋಷವಾದದ್ದಕ್ಕೆ ತಮ್ಮ ಮೇಲೆಯೇ ಸಿಟ್ಟು ಬಂತು.

"ಇನ್ನ ಬ್ಯಾರೆ ಕೀಬೋರ್ಡ್ ಹಚ್ಚಿ ನೋಡ್ರಿ," ಎಂದ ನರಹರಿ. "ನಾ ಬನ್ನಿ ಕೊಡ್ಲಿಕ್ಕೆ ಸಂಜಿಗೆ ಬರತೀನಿ. ಪೆನ್ ಡ್ರೈವ್ ತರತೀನಿ. ಕಾಪಿ ಇಲ್ಲೇನು ಮಾಮಾ?"

"ಇಡು ಫೋನ್."

ಬೇರೆ ಕೀಬೋರ್ಡು ಬಸವಲಿಂಗಪ್ಪನವರ ಮನೆಯಿಂದ ಬಂತು. ಹಳೆಯ ಕಾಲದ್ದು, ಎತ್ತಿದರೆ ಹಪ್ಪಳದ ಮಣೆಯಷ್ಟು ಭಾರ. ಅದರ ವೈರಿನ ತುದಿ ಹೆಬ್ಬೆರಳಿಗಿಂತ ದಪ್ಪ. ಹಿಂದೆ ಕೈಯಾಡಿಸಿ ನೋಡಿದರೆ ರಾಯರ ಡಬ್ಬಿಯ ತೂತು ಕಿರುಬೆರಳಿನಷ್ಟು.

"ಇದಕ್ಕ ಒಂದು ಕನ್ವರ್ಟರ್ ಬರತೈತ್ರೀ. ಕೋಠಿಯೊಳಗ ಸಿಗತೈತಿ."

"ಇವತ್ತ ಸಿಗತದೇನು?"

"ಇವತ್ತ ದಸರಾ ಅಲ್ರೀ."

ಹಜಾರದಲ್ಲಿ ಕುರ್ಚಿಯ ಮೇಲೆ ಕೂತ ಕೃಷ್ಣಾಬಾಯಿ ಇದನ್ನೆಲ್ಲ ನೋಡುತ್ತಿದ್ದಳು. ಬನ್ನಿ ತಂದವರೆಲ್ಲ ಅವಳ ಕಾಲಿಗೆ ನಮಸ್ಕಾರ ಮಾಡಿ, ಆಮೇಲೆ ಕಂಪ್ಯೂಟರಿನ ಮುಂದೆ ಬಗ್ಗುತ್ತಿದ್ದರು. ಎದುರು ಮನೆಯ ಗುಣವತಿ ವೈರಸ್ಸು ಎಂದಳು. ಅವಳ ಗಂಡ ಮೌಸು ತೆಗೆದು ನೋಡಿ ಎಂದ. ಬನ್ನಿಯನ್ನೇ ಜಮ್ಮಿ ಎಂದು ಕೊಡಲು ಬಂದ ಮೇಲಿನ ಮನೆಯ ತೆಲುಗಿನವರು "ಒಕಸಾರಿ ಆಫ್ ಚೇಸಿ ಆನ್ ಚೇಯಂಡಿ" ಎಂದು ಸುಹಾಸಿನಿಯ ಸಲಹೆಯನ್ನೇ ತೆಲುಗಿನಲ್ಲಿ ಕೊಟ್ಟರು. ರಾಯರು ಅವರಿಗೂ ಒಂದು ಸಲ ಮಾಡಿ ತೋರಿಸಿದರು, ಸುಮ್ಮನೆ.

ಎಲ್ಲರೂ ಹೋದ ಮೇಲೆ ಕೃಷ್ಣಾಬಾಯಿ ಕೇಳಿದಳು. "ವಾಸು, ಹಾಡೆಲ್ಲಾ ಹೋದುವೇನೋ?"

"ಇಲ್ಲವ್ವಾ. ಒಳಗವ. ಬಾಗಿಲು ತಗೀವಲ್ತು, ಅಷ್ಟ."

"ಹೋದ್ರ ಹೋಗಲಿ ಬಿಡು, ಇನ್ನೊಮ್ಮೆ ಹೇಳತೀನಿ. ಬರ್ಕೋ." ಅವಳು ಕಣ್ಣು ಮುಚ್ಚಿ ಶುರು ಮಾಡಿದಳು.

*ಅತ್ತಿಗಿ ಕರೆದಾಳ ನಾದಿನಿ ಬಂದಾಳ,*
*ಬಂದ ನಾದಿನಿಗೆ ಮಣಿಯಿಲ್ಲ,*
*ಮಣಿ ತರಹೋದಣ್ಣ ಮಾಳಿಗಿ ಏರ್ಯಾನ...*

ಅಲ್ಲಿ ನಿಂತಿತು. ತುಟಿ ಅಲುಗಿದವು, ದನಿ ಬರಲಿಲ್ಲ. ನಾದಿನಿಗೆ ಕೂಡಲು ಮಣೆ ಹುಡುಕುವ ಇದು ಸರಪಳಿ ಹಾಡು. ಒಂದು ಸಾಲಿನ ಬಾಲ ಹಿಡಿದರೆ ಮಾತ್ರ ಮುಂದಿನ ಸಾಲು. ಮಧ್ಯದ ಒಂದು ಕೊಂಡಿ ಕಳಚಿದರೆ ಮುಂದಿನದೆಲ್ಲ ಬಾವಿಗೆ ಬಿದ್ದ ಕೊಡದ ಹಾಗೆ. ಪುಸ್ತಕದ ಕೊನೆಯ ಹಾಡೂ ಇದೇ. ಹೋದ ವಾರ ಅರ್ಧ ಬರೆಸಿ ದಣಿವಾಯಿತೆಂದು ಮಲಗಿದ್ದಳು, ಉಳಿದದ್ದು ಹಬ್ಬ ಮುಗಿಯಲಿ ಎಂದಿದ್ದಳು.

ಅವಳು ಕಣ್ಣು ತೆರೆದು ಮಗನನ್ನಲ್ಲ, ಮೇಜಿನ ಕೆಳಗಿನ ಡಬ್ಬಿಯನ್ನು ನೋಡಿದಳು. "ಮುಂದಿಂದು ನಿನ್ನ ಡಬ್ಬಿಯೊಳಗ ಅದ ನೋಡಪಾ," ಎಂದಳು.

ರಾಯರು ಟಾರ್ಚು ಹಿಡಿದು ಮೇಜಿನ ಕೆಳಗೆ ನುಗ್ಗಿದರು. ಡಬ್ಬಿಯನ್ನು ದರದರ ಎಳೆದು ಬೆಳಕಿಗೆ ತಂದು, ಅದರ ಬೆನ್ನನ್ನು ತಮ್ಮ ಕಡೆ ತಿರುಗಿಸಿಕೊಂಡರು. ಅಷ್ಟು ಹೊತ್ತಿನವರೆಗೆ ಅದರ ಬೆನ್ನು ನೋಡುವ ಬುದ್ಧಿ ಯಾರಿಗೂ ಬಂದಿರಲಿಲ್ಲ, ಅವರಿಗೂ.

ಬೆನ್ನಿನ ತುಂಬ ಗಂಧ. ಗಾಳಿಪಂಖದ ಜಾಲರಿಯ ನಟ್ಟನಡುವೆ ದುಂಡಗೆ ಕುಂಕುಮ. ಕೀಬೋರ್ಡಿನ ವೈರು ಕಿತ್ತರೆ, ಅದರ ಸೂಜಿಯಂಥ ಹಲ್ಲುಗಳಿಗೂ ಕೆಂಪು ಮೆತ್ತಿತ್ತು.

"ಅವ್ವಾ," ಎಂದರು ರಾಯರು ಬಹಳ ಮೆತ್ತಗೆ. "ನಿನ್ನೆ ಪೂಜಾ ಎಲ್ಲಿ ಮಾಡಿದಿ?"

"ಎಲ್ಲಿ ಅಂದ್ರ? ಮುಖಕ್ಕ."

"ಮುಖಾ ಯಾವ ಕಡೆ ಅದ ಇದಕ್ಕ?"

"ಕಣ್ಣು ಮೂಗು ಇದ್ದ ಕಡೆ. ನೀ ಅದರ ಬೆನ್ನು ಪೂರ್ವಕ್ಕ ಮಾಡಿ ಸ್ನಾನಕ್ಕ ಹೋಗಿದ್ದಿ. ಓದಿದವ, ಅಷ್ಟೂ ತಿಳೀಲಿಲ್ಲ ನಿನಗ. ನಾನ ಮಣಿ ತಿರುಗಿಸಿ ಇಟ್ಟೆ."

ರಾಯರು ಡಬ್ಬಿಯ ಬೆನ್ನನ್ನು ತಾಯಿಯ ಕಣ್ಣಿನಿಂದ ನೋಡಿದರು. ಮುಂದಿನದು ಬೋಳು ಗೋಡೆಯಂತೆ, ಒಂದು ಗುಂಡಿ, ಒಂದು ಸೀಳು. ಹಿಂದೆ ಮಾತ್ರ ದೊಡ್ಡ ದುಂಡನೆಯ ಬಾಯಿ, ಸಾಲಾಗಿ ತೂತುಗಳು, ಅಕ್ಕಪಕ್ಕದಲ್ಲಿ ಹಸಿರೊಂದು, ನೇರಳೆಯೊಂದು ಬಣ್ಣದ ಎರಡು ಕಣ್ಣು. ಹಸಿರು ಮೌಸಿನದು, ನೇರಳೆ ಕೀಬೋರ್ಡಿನದು. ಮುಖ ಇದಲ್ಲ ಎಂದು ಯಾವ ಬಾಯಿಂದ ಹೇಳುವುದು?

"ಅಕ್ಷತಾ?"

"ಹಾಕದ ಬಿಡ್ತಾರೇನು? ಕಣ್ಣಿಗೆ ನಾಕು ಕಾಳು ಹಾಕಿ, ಮ್ಯಾಲೊಂದಿಷ್ಟು ನೀರು ಪ್ರೋಕ್ಷಣಾ ಮಾಡಿದೆ."

ಟಾರ್ಚು ಬಿಟ್ಟು ನೋಡಿದರೆ ನೇರಳೆ ಕಣ್ಣಿನ ಆಳದಲ್ಲಿ ಕೆಂಪು ಅಕ್ಕಿಯ ಕಾಳು ಒಂದು ಗಂಧದ ಜೊತೆ ಗಟ್ಟಿಯಾಗಿ ಕೂತಿತ್ತು. ಮಧ್ಯಾಹ್ನ ಬಿಗಿಯಾಯಿತೆಂದು ರಾಯರು ಒತ್ತಿ ತಳ್ಳಿದ್ದು ಅದನ್ನೇ. ವೈರು ಸಿಕ್ಕಿತ್ತು, ಪೂರ್ತಿ ಕೂತಿರಲಿಲ್ಲ.

"ಮತ್ತ ನಾ ಹೇಳಿಲ್ಲೇನ್ರೀ, ಕೀಬೋರ್ಡಿಂದೇ ತೊಂದ್ರಿ ಅಂತ," ಎಂದರು ಬಸವಲಿಂಗಪ್ಪನವರು ಬಾಗಿಲಿನಿಂದ. ಅವರು ತಮ್ಮ ಭಾರದ ಕೀಬೋರ್ಡು ವಾಪಸು ಒಯ್ಯಲು ಬಂದಿದ್ದರು. ರಾಯರು ತಿರುಗಿ ನೋಡಿದರು, ಅಷ್ಟೆ. ಆ ನೋಟಕ್ಕೆ ಬಸವಲಿಂಗಪ್ಪನವರು ತಾವಾಗಿಯೇ ಹೋಗಿ ಕರೆಂಟಿನ ವೈರು ಕಿತ್ತು ಬಂದರು. "ಕಬ್ಬಿಣದ್ದು ಏನೂ ಹಾಕಬ್ಯಾಡ್ರಿ ಮತ್ತ, ಒಳಗಿನ ಪಿನ್ನು ಕೆಡತಾವ."

ಸುಹಾಸಿನಿ ಒಂದು ಕಸಬರಿಗೆ ಕಡ್ಡಿ ಮುರಿದು ತಂದರು.

"ಕಸಬರಿಗಿ?" ಎಂದಳು ಕೃಷ್ಣಾಬಾಯಿ. "ಪೂಜಾ ಮಾಡಿದ್ದರ ಕಣ್ಣಾಗ? ಹಬ್ಬದ ದಿನಾ?"

"ಹೊಸಾದು ಅದರೀ ಅತ್ತಿಯವರ. ಇನ್ನಾ ನೆಲಕ್ಕ ಹಚ್ಚಿಲ್ಲ."

"ಹೊಸಾದಾದ್ರೇನು, ಕಸಬರಿಗಿ ಕಸಬರಿಗೀನ."

ರಾಯರ ತಾಳ್ಮೆ ಮಧ್ಯಾಹ್ನದಿಂದ ಎಳೆದ ದಾರದ ಹಾಗಿತ್ತು. "ಅವ್ವಾ, ಹಾಡು ಬೇಕೋ ಬ್ಯಾಡೋ ಹೇಳು."

ಮುದುಕಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. "ನಾ ನೋಡಿಲ್ಲ," ಎಂದಳು ಒಳಗಿಂದ. "ಲಗೂ ಮುಗಸು."

ಕಾಳು ಒಮ್ಮೆಗೇ ಬರಲಿಲ್ಲ. ಎರಡು ಚೂರಾಗಿ ಬಂತು, ಆಮೇಲೆ ಗಂಧದ ಪುಡಿ. ಸುಹಾಸಿನಿ ಚೂರುಗಳನ್ನು ಅಂಗೈಯಲ್ಲಿ ಹಿಡಿದು ತುಳಸಿಯ ಕುಂಡಕ್ಕೆ ಹಾಕಿ ಬಂದರು. ರಾಯರು ವೈರು ಸಿಕ್ಕಿಸಿದರು. ಈ ಸಲ ಅದು ಬೆಣ್ಣೆಯಲ್ಲಿ ಬೆರಳಿಟ್ಟಂತೆ ಒಳಗೆ ಹೋಯಿತು. ಚಾಲೂ ಮಾಡಿದರು. ಕೀಬೋರ್ಡಿನ ದೀಪಗಳು ಒಮ್ಮೆ ಮಿಣುಕಿದವು. ಪರದೆಯ ಮೇಲೆ ಯಾವ ತಕರಾರೂ ಇಲ್ಲ, ನೀಲಿ ಆಕಾಶ, ಬಿಳಿ ಮೋಡ.

ಬಸವಲಿಂಗಪ್ಪನವರು ಮೊದಲು ಉಸಿರು ಬಿಟ್ಟರು.

ರಾಯರು ಬೇರೆ ಏನೂ ಮಾಡದೆ ಕೊನೆಯ ಹಾಡನ್ನು ತೆರೆದು ಓದತೊಡಗಿದರು. ಮಾಳಿಗಿಯ ಮೇಲೆ ದೀಪವಿಲ್ಲ, ದೀಪಕ್ಕೆ ಎಣ್ಣೆಯಿಲ್ಲ, ಎಣ್ಣೆ ತರಲು ಹೋದ ಮಾವ ಗಾಣದ ಮುಂದೆ ನಿಂತಿದ್ದಾನೆ, ಗಾಣಕ್ಕೆ ಎತ್ತಿಲ್ಲ. ಅಷ್ಟರಲ್ಲಿ ಸೆರಗಿನ ಒಳಗಿಂದಲೇ ದನಿ ಕೇಳಿಬಂತು, ಗೊಗ್ಗರಾದರೂ ತಪ್ಪದ ದನಿ.

*ಗಾಣದ ಎತ್ತಿಗೆ ಹಗ್ಗವ ಕಳಿಸ್ಯಾರ,*
*ಹಗ್ಗ ಬಂದೈತಿ ತವರಿಂದ,*
*ತವರ ಹಗ್ಗವ ಹಿಡಿದು ನಾದಿನಿ ಹೊಂಟಾಳ,*
*ಮಣಿ ನೀವೇ ಇಟ್ಟುಕೊಳ್ಳಿರಿ.*

ರಾಯರು ಅಕ್ಷರ ಹುಡುಕಿ ಹುಡುಕಿ ಕುಟ್ಟಿದರು. ಮುದುಕಿ ಪ್ರತಿ ಸಾಲಿಗೂ ನಿಂತು, "ಆತೇನು?" ಎಂದು ಕೇಳಿ ಮುಂದುವರಿದಳು. ಹಾಡು ಮುಗಿಯಿತು.

"ಒಂದು ಮಣಿ ತರ್ಲಿಕ್ಕೆ ಇಷ್ಟು ರಾಮಾಯಣ," ಎಂದರು ಸುಹಾಸಿನಿ. "ನಮ್ಮನಿ ಕಂಪ್ಯೂಟರ್ ಮ್ಯಾಲೆ ಕಟ್ಟಿದಂಗ ಅದ."

ಸಂಜೆ ನರಹರಿ ಬನ್ನಿಯ ಜೊತೆ ಪೆನ್ ಡ್ರೈವು ತಂದ. ಪೆನ್ ಡ್ರೈವೆಂದರೆ ಆಗ ಹೊಸ ವಸ್ತು, ಕೊರಳಿಗೆ ದಾರ ಹಾಕಿ ತಾಯಿತದ ಹಾಗೆ ಕಟ್ಟಿಕೊಂಡಿದ್ದ. ಡಬ್ಬಿಯ ಮುಂದಿನ ಮುಚ್ಚಳ ತೆರೆದು ಅಲ್ಲಿದ್ದ ತೂತಿಗೆ ಸಿಕ್ಕಿಸಿದ. ಏನೂ ಆಗಲಿಲ್ಲ.

"ಇದಕ್ಕೂ ಅಕ್ಷತಾ ಬಿದ್ದದೇನು?" ಎಂದರು ರಾಯರು.

ನರಹರಿ ತೆರೆದ ಪಕ್ಕೆಯೊಳಗೆ ಟಾರ್ಚು ಬಿಟ್ಟ. "ಇಲ್ಲ ಮಾಮಾ. ಮುಂದಿನ ತೂತಿಂದ ಒಳಗ ವೈರೇ ಹಚ್ಚಿಲ್ಲ. ಅಂಗಡಿಯವ ಬರೇ ಶೋಕಿಗೆ ಬಿಟ್ಟಾನ."

"ನೋಡಿದೇನು ವಾಸು," ಎಂದಳು ಕೃಷ್ಣಾಬಾಯಿ. "ಮುಂದಿಂದೆಲ್ಲಾ ಸುಳ್ಳು. ಖರೇ ಮುಖಾ ಹಿಂದ."

ಹಿಂದಿನ ತೂತಿಗೆ ಹಚ್ಚಿದರೆ ಕಂಪ್ಯೂಟರು ಹೊಸ ನೆಂಟ ಬಂದಿದ್ದಾನೆ ಎಂದಿತು, ಆದರೆ ಅವನ ಗುರುತು ಹೇಳುವ ಡ್ರೈವರ್ ಸಿಡಿ ಹಾಕಿರಿ ಎಂದಿತು. ವಿಂಡೋಸ್ ತೊಂಬತ್ತೆಂಟಕ್ಕೆ ಪೆನ್ ಡ್ರೈವಿನ ಪರಿಚಯವೇ ಇರಲಿಲ್ಲ. ಆ ಸಿಡಿ ಎಲ್ಲಿದೆ? ನರಹರಿಯ ಆಫೀಸಿನ ಟೇಬಲ್ಲಿನಲ್ಲಿ. ಆಫೀಸು? ಬೀಗ. ಫ್ಲಾಪಿಗೆ ಹಾಕೋಣವೆಂದು ಯಾದಗಿರಿಗೆ ಫೋನು ಮಾಡಿದರೆ, "ಫ್ಲಾಪೀ ವದ್ದು ಸಾರ್, ಮಾ ದಗ್ಗರ ಆ ಡ್ರೈವ್ ಪನಿಚೇಯದು," ಎಂದ. ಫ್ಲಾಪಿ ಬೇಡವಂತೆ, ಅವನಲ್ಲಿ ಆ ಡ್ರೈವು ಕೆಲಸ ಮಾಡುವುದಿಲ್ಲವಂತೆ. ಸಿಡಿ ಬರೆಯುವ ಯಂತ್ರ ರಾಯರ ಡಬ್ಬಿಯಲ್ಲಿಲ್ಲ, ಇದ್ದದ್ದು ಓದುವುದು ಮಾತ್ರ.

"ಮತ್ತ ಏನು ಮಾಡಲಿ ನಾನು? ತಲಿ ಮ್ಯಾಲೆ ಹೊತ್ಕೊಂಡು ಬರಲೇನು?" ಎಂದು ರಾಯರು ಸಿಟ್ಟಿನಲ್ಲಿ ಕನ್ನಡದಲ್ಲಿಯೇ ಒದರಿದರು.

ಯಾದಗಿರಿಗೆ ಹೇಗೋ ಅರ್ಥವಾಯಿತು. ಅವನು ಶಾಂತವಾಗಿ ತೆಲುಗಿನಲ್ಲಿ ಹೇಳಿದ. ಹೌದು ಸಾರ್, ಸಿಪಿಯು ತಂದುಬಿಡಿ. ನಾವು ಹಾರ್ಡ್ ಡಿಸ್ಕು ಬಿಚ್ಚಿ ನಮ್ಮದಕ್ಕೆ ಹಚ್ಚಿಕೊಳ್ಳುತ್ತೇವೆ. ಎಲ್ಲರೂ ಹಾಗೇ ತರುತ್ತಾರೆ. ಅದು ಚಾಲೂ ಆಗದಿದ್ದರೂ, ಕೀಬೋರ್ಡು ಇಲ್ಲದಿದ್ದರೂ ನಡೆಯುತ್ತದೆ.

ರಾಯರು ರಿಸೀವರನ್ನು ಕಿವಿಯಿಂದ ತೆಗೆದು ಅದನ್ನೇ ಸ್ವಲ್ಪ ಹೊತ್ತು ನೋಡಿದರು. ನಂತರ ಕೆಳಗಿಟ್ಟು ಕುರ್ಚಿಯ ಮೇಲೆ ಕೂತರು.

"ಏನಂದ?" ಎಂದರು ಸುಹಾಸಿನಿ.

"ಏನಿಲ್ಲ. ಒಂದು ಹೋಳಿಗಿ ಕೊಡು."

ಮರುದಿನ ಬೆಳಿಗ್ಗೆ ಮನೆಯ ಮುಂದೆ ಆಟೋ ನಿಂತಿತ್ತು. ರಾಯರು ಡಬ್ಬಿಯನ್ನು ಹಾಸಿಗೆಯ ಚಾದರದಲ್ಲಿ ಕಟ್ಟಲು ಹೊರಟಾಗ ಕೃಷ್ಣಾಬಾಯಿ ಪೂಜೆಯ ಬಟ್ಟಲು ಹಿಡಿದು ಗೋಡೆ ಹಿಡಿಯುತ್ತ ಬಂದಳು. "ಹಾಡು ಮನಿ ಬಿಟ್ಟು ಹೊಂಟಾವ. ಬರೇ ಹಣಿಲೆ ಕಳಿಸಬಾರದು."

ರಾಯರು ಒಂದೇ ನೆಗೆತಕ್ಕೆ ಡಬ್ಬಿಯ ಬೆನ್ನಿಗೆ ಅಡ್ಡ ನಿಂತರು. "ಹಿಂದ ಬ್ಯಾಡವ್ವಾ, ಕೈ ಮುಗೀತೀನಿ. ಮುಂದ ಹಚ್ಚು."

"ಮುಂದ ಮುಖಾನ ಇಲ್ಲಲ್ಲೋ."

"ಇಲ್ಲದಿದ್ರ ಇರವಲ್ಲದು. ಅಲ್ಲೇ ಹಚ್ಚು."

ಮುದುಕಿ ಗೊಣಗುತ್ತ ಬೋಳು ಹಣೆಗೆ ಕುಂಕುಮ ಹಚ್ಚಿದಳು. ಕಾರ್ತಿಕದ ತನಕ ನಾನು ಗಟ್ಟಿಯಾಗಿರುತ್ತೇನೆ, ನೀನೂ ಗಟ್ಟಿಯಾಗಿರು ಎಂದು ಡಬ್ಬಿಗೆ ಹೇಳಿ ನಾಲ್ಕು ಕಾಳು ಅಕ್ಷತೆ ಹಾಕಿದಳು. ಮೂರು ಕೆಳಗೆ ಉದುರಿದವು. ನಾಲ್ಕನೆಯದು ಫ್ಲಾಪಿಯ ಸೀಳಿನ ಅಂಚಿನ ಮೇಲೆ ಒಂದು ಕ್ಷಣ ನಿಂತು, ಒಳಗೆ ಜಾರಿಹೋಯಿತು.

ರಾಯರು ನೋಡಿದರು. ಸುಹಾಸಿನಿಯೂ ನೋಡಿದರು.

"ಇರಲಿ ಬಿಡು," ಎಂದರು ರಾಯರು ಡಬ್ಬಿಯನ್ನು ಎತ್ತಿ ಎದೆಗೆ ಒತ್ತಿಕೊಳ್ಳುತ್ತ. "ಫ್ಲಾಪಿ ಅಂವಗ ಬ್ಯಾಡಂತ."